ಬೋಟ್ ಟ್ರೈಲರಿನ ಟಯರು, ಕೊಡಗಿನ ಚಳಿಗಾಲದ ಬಿಸಿಲು

ಆಯುಧ ಪೂಜೆಯ ದಿನ ಜೀಪಿಗೂ ಟ್ರೈಲರಿಗೂ ಒಟ್ಟಿಗೇ ಪೂಜೆ ಮಾಡುತ್ತೇವೆ. ಚಕ್ರಕ್ಕೊಂದರಂತೆ ನಿಂಬೆಹಣ್ಣು. ಜೀಪು ಒಂದು ಮಾರು ಮುಂದೆ ಹೋದರೆ ಆರು ನಿಂಬೆಹಣ್ಣೂ ಚಟಚಟ ಅಂತ ಒಡೆಯುತ್ತವೆ. ಆ ವರ್ಷಕ್ಕೆ ಟ್ರೈಲರಿನ ಚಕ್ರ ತಿರುಗುವುದು ಅದೇ ಕೊನೆ. ವಿಜಯದಶಮಿ ಕಳೆದ ಮರುದಿನ ಬೆಳಿಗ್ಗೆ ಕುಂಕುಮ, ನಿಂಬೆರಸ ಎಲ್ಲ ತೊಳೆದು, ಜಾಕ್ ಕೊಟ್ಟು ಎತ್ತುತ್ತೇನೆ. ಮತ್ತೆ ಅದು ನೆಲಕ್ಕೆ ಇಳಿಯುವುದು ಮೇ ಕೊನೆಗೆ.

ನಮ್ಮದು ಟಿ. ಶೆಟ್ಟಿಗೇರಿ ಹತ್ತಿರ ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯುತ್ತದಲ್ಲ, ಅಲ್ಲಿಗೆ ಬೋಟು ಸಾಗಿಸುವ ಕೆಲಸ ನನ್ನದು. ಗಾಳಿ ತುಂಬಿದ ಎರಡು ರಾಫ್ಟು ಒಂದರ ಮೇಲೊಂದು, ಅದರ ಕೆಳಗೆ ಹುಟ್ಟು, ಲೈಫ್ ಜಾಕೆಟ್, ಹೆಲ್ಮೆಟ್ಟು. ಬರಪೊಳೆ ಪಶ್ಚಿಮಕ್ಕೆ ಇಳಿದು ಕೇರಳದಲ್ಲಿ ವಳಪಟ್ಟಣಂ ಹೊಳೆಗೆ ಸೇರುವ ನದಿ. ಮಳೆ ಇದ್ದರೆ ಮಾತ್ರ ಅದಕ್ಕೆ ರಭಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವೇ ಇರುವುದಿಲ್ಲ. ಆಮೇಲೆ ನೀರು ಇಳಿಯುತ್ತದೆ, ಕಾಫಿ ಹಣ್ಣಾಗುತ್ತದೆ, ಟ್ರೈಲರಿಗೆ ಎಂಟು ತಿಂಗಳು ಕೆಲಸ ಇಲ್ಲ.

ಟಯರು ಹಾಳಾಗುವುದು ಓಡಿದಾಗ ಅಂತ ನಾನು ತುಂಬಾ ವರ್ಷ ನಂಬಿದ್ದೆ. ನಾಲ್ಕು ತಿಂಗಳು ಕೆಸರು, ಕಲ್ಲು, ಹಳ್ಳ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದೆ. ಉಳಿದ ಎಂಟು ತಿಂಗಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಟ್ರೈಲರಿನ ಟಯರು ಸಾಯುವುದು ಆ ಎಂಟು ತಿಂಗಳಲ್ಲಿ. ಇದು ಗೊತ್ತಾಗಿದ್ದು 2021ರ ಆಗಸ್ಟ್‌ನಲ್ಲಿ.

ಕೋವಿಡ್ಡಿನಿಂದ 2020ರಲ್ಲಿ ನಮ್ಮ ಬೋಟು ನೀರಿಗೆ ಇಳಿಯಲೇ ಇಲ್ಲ. 2019ರ ಅಕ್ಟೋಬರಲ್ಲಿ ಕಾಫಿ ಒಣಗಿಸುವ ಕಣದ ಅಂಚಿಗೆ ನಿಲ್ಲಿಸಿದ ಟ್ರೈಲರು 2021ರ ಆಗಸ್ಟ್‌ವರೆಗೆ ಅಲ್ಲೇ ನಿಂತಿತ್ತು. ಇಪ್ಪತ್ತೆರಡು ತಿಂಗಳು. ಹೊರಡುವ ದಿನ ಗಾಳಿ ಹೊಡೆಸಿದೆ, ನಟ್ಟು ಬಿಗಿ ಮಾಡಿದೆ. ಟಯರಿನ ಗ್ರಿಪ್ಪು ನೋಡಿದರೆ ಹೊಸದರಂತೆ. ಎಡಗಡೆ ಚಕ್ರದ ಸೈಡಲ್ಲಿ ಕೂದಲೆಳೆಯಂಥ ಗೆರೆಗಳು ಕಂಡವು. ಧೂಳಿರಬೇಕು ಅಂದುಕೊಂಡೆ.

ಮನೆಯಿಂದ ಆರು ಕಿಲೋಮೀಟರ್ ಹೋಗಿರಬಹುದು. ಜಡಿಮಳೆ. ಹಿಂದಿನಿಂದ ಢಬ್ ಅಂತ ಸದ್ದು, ಟ್ರೈಲರು ಒಂದು ಕಡೆಗೆ ಎಳೆಯಿತು. ಇಳಿದು ನೋಡಿದರೆ ಎಡಗಡೆ ಟಯರಿನ ಸೈಡು ಒಂದು ಗೇಣು ಉದ್ದಕ್ಕೆ ಬಾಯಿ ಬಿಟ್ಟಿತ್ತು. ಮೊಳೆ ಇಲ್ಲ, ಕಲ್ಲು ತಾಗಿದ ಗುರುತಿಲ್ಲ. ಜೀಪಿನಲ್ಲಿದ್ದ ರಾಫ್ಟಿಂಗ್ ಹುಡುಗರು ಇಳಿದು ಸ್ಟೆಪ್ನಿ ಹಾಕಿದರು. ಆ ಸ್ಟೆಪ್ನಿ ಒಂದು ದಿನವೂ ಓಡಿರಲಿಲ್ಲ. ಹೊಸ ಟಯರಿನ ಮೇಲೆ ಸಣ್ಣ ರಬ್ಬರ್ ಮೀಸೆಗಳಿರುತ್ತವಲ್ಲ, ಅವೂ ಹಾಗೇ ಇದ್ದವು. "ಅಕ್ಕ, ಇದು ಶೋರೂಮ್ ಪೀಸ್" ಅಂದ ಒಬ್ಬ ಹುಡುಗ. ಮೂರೇ ಕಿಲೋಮೀಟರು. ಅದೂ ಸೈಡಲ್ಲೇ ಹೋಯಿತು.

ಆ ದಿನ ಬೋಟನ್ನು ಹುಡುಗರು ತಲೆ ಮೇಲೆ ಹೊತ್ತುಕೊಂಡು ಹೋದರು. ನಾನು ಮಳೆಯಲ್ಲಿ ಟ್ರೈಲರು ಕಾಯುತ್ತಾ, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಾ ರಸ್ತೆ ಬದಿ ನಿಂತಿದ್ದೆ. ಆ ಟಯರು ಇಳಿಜಾರಿನ ತಿರುವಿನಲ್ಲಿ ಹೋಗಿದ್ದರೆ ಅನ್ನೋದು ಈಗಲೂ ಕೆಲವು ರಾತ್ರಿ ನೆನಪಾಗುತ್ತದೆ.

ಮರುದಿನ ಮೂರೂ ಟಯರನ್ನು ಜೀಪಿಗೆ ಹಾಕಿಕೊಂಡು ಗೋಣಿಕೊಪ್ಪಕ್ಕೆ ಹೋದೆ. ನಾನು ಯಾವಾಗಲೂ ಪಂಚರ್ ಹಾಕಿಸುವ ಅಂಗಡಿಯ ಕಾಕ ಮೊದಲು ಕೇಳಿದ್ದು ಗಾಳಿ ಎಷ್ಟಿತ್ತು ಅಂತಲ್ಲ. ಟಯರನ್ನು ತಿರುಗಿಸಿ ತಿರುಗಿಸಿ ಏನೋ ಹುಡುಕಿದರು. ಆಮೇಲೆ ಬೆರಳಿಟ್ಟು ತೋರಿಸಿದರು. ಮೊಟ್ಟೆ ಆಕಾರದ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ: 0914.

"ಮೇಡಂ, ಇದು 2014ರದು. ಒಂಬತ್ತನೇ ವಾರ" ಅಂದರು.

ನಾನು ಅದನ್ನು ಬೇರೊಂದು ಅಂಗಡಿಯಲ್ಲಿ ಹೊಸದು ಅಂತ ತೆಗೆದುಕೊಂಡಿದ್ದು 2018ರಲ್ಲಿ. ಅಂದರೆ ನನ್ನ ಕೈಗೆ ಬರುವಾಗಲೇ ಅದಕ್ಕೆ ನಾಲ್ಕು ವರ್ಷ ವಯಸ್ಸಾಗಿತ್ತು. ಮೊದಲ ಎರಡು ಅಂಕಿ ವಾರ, ಆಮೇಲಿನ ಎರಡು ವರ್ಷ. ಇಷ್ಟು ಸುಲಭದ ಲೆಕ್ಕ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀವು ಈಗಲೇ ಹೋಗಿ ನಿಮ್ಮ ಗಾಡಿಯ ಟಯರು ನೋಡಿ. ಅಂಕಿ ಕೆಲವೊಮ್ಮೆ ಒಂದೇ ಬದಿಯಲ್ಲಿರುತ್ತದೆ, ಹಾಗಾಗಿ ಹೊರಗಡೆ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಬೇಕು. ನಾನು ಟ್ರೈಲರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿ ಮೊಬೈಲ್ ಟಾರ್ಚಿನಲ್ಲಿ ನೋಡುತ್ತೇನೆ.

ಆದರೆ ನನ್ನ ಕಣ್ಣು ತೆರೆಸಿದ್ದು ಮೂರನೇ ಟಯರು, ಬಲಗಡೆಯದು. ಅದೂ 0914. ಅದೇ ಟ್ರೈಲರು, ಅದೇ ಇಪ್ಪತ್ತೆರಡು ತಿಂಗಳು, ಅದೇ ಭಾರ. ಕಾಕ ಹೆಬ್ಬೆರಳಲ್ಲಿ ಅದರ ಸೈಡನ್ನು ಒತ್ತಿ ಬಗ್ಗಿಸಿದರು. ಬಿರುಕು ಇತ್ತು, ಆದರೆ ಅಲ್ಲೊಂದು ಇಲ್ಲೊಂದು. ಎಡಗಡೆಯದನ್ನು ಹಾಗೇ ಬಗ್ಗಿಸಿದರೆ ಸೈಡಿನ ಸುತ್ತ ನೂರಾರು ಬಾಯಿಗಳು ತೆರೆದುಕೊಂಡವು. ಕೆಲವು ಎಷ್ಟು ಆಳ ಅಂದರೆ ಒಳಗಿನ ನೂಲು ಕಾಣುತ್ತಿತ್ತು. ಕೈ ಬಿಟ್ಟರೆ ಎಲ್ಲ ಮುಚ್ಚಿಕೊಂಡು ಮತ್ತೆ ಬರೀ ಗೆರೆ. ಹಿಂದಿನ ದಿನ ನಾನು ಧೂಳು ಅಂದುಕೊಂಡಿದ್ದು ಅದನ್ನೇ.

ಮನೆಗೆ ಬಂದು ಕಣದ ಅಂಚಿನಲ್ಲಿ ನಿಂತು ನೋಡಿದಾಗ ಅರ್ಥವಾಯಿತು. ಟ್ರೈಲರಿನ ಬಲಗಡೆಗೆ ಎರಡು ಸಿಲ್ವರ್ ಓಕ್ ಮರ, ಅದರ ನೆರಳು. ಎಡಗಡೆ ಕಣದ ಕಡೆಗೆ. ಕಾಫಿ ಒಣಗಲಿ ಅಂತಲೇ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುವ ಜಾಗ ನೋಡಿ ಅಪ್ಪ ಆ ಕಣ ಮಾಡಿಸಿದ್ದರು. ಕಾಫಿ ಒಣಗುವ ಬಿಸಿಲಿಗೆ ನಾನು ರಬ್ಬರನ್ನು ಒಡ್ಡಿದ್ದೆ. ಸ್ಟೆಪ್ನಿ ಟ್ರೈಲರಿನ ಮುಂಭಾಗಕ್ಕೆ ಬಿಗಿದಿತ್ತು, ಅದಕ್ಕೂ ಇಡೀ ದಿನ ಬಿಸಿಲು.

ಬೋಟನ್ನು ಚಳಿಗಾಲಕ್ಕೆ ಎತ್ತಿಡುವುದು ಅಂದರೆ ಹಿಮ ಬೀಳುವ ದೇಶದ ವಿಷಯ ಅಂತ ಅನ್ನಿಸಬಹುದು. ಅಲ್ಲಿ ನೀರು ಹೆಪ್ಪುಗಟ್ಟುತ್ತದೆ ಅಂತ ಎತ್ತಿಡುತ್ತಾರೆ. ನಮ್ಮಲ್ಲಿ ನೀರು ಇಲ್ಲ ಅಂತ ಎತ್ತಿಡುತ್ತೇವೆ. ಕೊಡಗಿನ ಚಳಿ ಟಯರಿಗೆ ಏನೂ ಮಾಡುವುದಿಲ್ಲ. ಮಾಡುವುದು ಹಗಲಿನ ಬಿಸಿಲು. ಡಿಸೆಂಬರ್, ಜನವರಿಯಲ್ಲಿ ಮಂಜು ಕರಗಿದ ಮೇಲೆ ಮೋಡವೇ ಇಲ್ಲದ ಆಕಾಶ. ನಮಗೆ ಚಳಿ ಕಾಯಿಸಲು ಹಿತವಾಗಿರುವ ಅದೇ ಬಿಸಿಲು ರಬ್ಬರನ್ನು ಒಣಗಿಸುತ್ತಿರುತ್ತದೆ.

ಸಂಪಾಜೆ ಕಡೆ ನಮ್ಮ ಚಿಕ್ಕಮ್ಮನ ಮನೆಯವರಿಗೆ ರಬ್ಬರ್ ತೋಟ ಇದೆ. ಈ ಕತೆ ಹೇಳಿದಾಗ ಚಿಕ್ಕಪ್ಪನಿಗೆ ಸ್ವಲ್ಪವೂ ಆಶ್ಚರ್ಯ ಆಗಲಿಲ್ಲ. ರಬ್ಬರ್ ಶೀಟನ್ನು ಜಾಸ್ತಿ ದಿನ ಬಿಸಿಲಲ್ಲಿ ಬಿಟ್ಟರೆ ಅಂಟಂಟಾಗಿ ಹಾಳಾಗುತ್ತದೆ, ಅದಕ್ಕೇ ಹೊಗೆ ಮನೆಯಲ್ಲಿ ಒಣಗಿಸುವುದು ಅಂದರು. "ನಿನ್ನ ಟಯರಿನಲ್ಲೂ ಇರೋದು ಇದೇ ಮರದ ಹಾಲು ಅಲ್ವಾ ಮಗಳೇ?" ಅಂತ ಕೇಳಿದರು.

ಹಾಗಾದರೆ ದಿನವೂ ಬಿಸಿಲಲ್ಲಿ ಓಡುವ ಬಸ್ಸಿನ ಟಯರಿಗೆ ಯಾಕೆ ಹೀಗಾಗುವುದಿಲ್ಲ? ಇದನ್ನು ಕಾಕನಿಗೆ ಕೇಳಿದೆ, ಆಮೇಲೆ ಓದಿಯೂ ತಿಳಿದುಕೊಂಡೆ. ಟಯರು ಮಾಡುವಾಗ ರಬ್ಬರಿಗೆ ಒಂದು ತರಹದ ಮೇಣವನ್ನೂ, ಓಜೋನ್ ತಡೆಯುವ ರಾಸಾಯನಿಕವನ್ನೂ ಸೇರಿಸಿರುತ್ತಾರೆ. ಗಾಳಿಯಲ್ಲಿರುವ ಓಜೋನ್ ಸ್ವಲ್ಪವೇ ಆದರೂ, ಎಳೆದು ಬಿಗಿಯಾದ ರಬ್ಬರನ್ನು ಕಚ್ಚಿ ಸೀಳುತ್ತದೆ. ಟಯರು ಓಡುವಾಗ ಅದರ ಸೈಡು ಬಗ್ಗುತ್ತದೆ, ಏಳುತ್ತದೆ. ಹಾಗೆ ಬಗ್ಗಿದಾಗಲೆಲ್ಲ ಒಳಗಿನ ಮೇಣ ನಿಧಾನವಾಗಿ ಮೇಲಕ್ಕೆ ಬಂದು ತೆಳುವಾದ ಪೊರೆಯಾಗಿ ಕೂರುತ್ತದೆ. ನಿಂತ ಟಯರಿಗೆ ಈ ಪೊರೆ ಸರಿಯಾಗಿ ಹೊಸದಾಗುವುದಿಲ್ಲ. ಇದ್ದ ಪೊರೆ ಬಿಸಿಲಿಗೆ ಹೋಗುತ್ತದೆ, ಆಮೇಲೆ ರಬ್ಬರು ಬೆತ್ತಲೆ.

ಟಯರಿನ ಸೈಡು ಕೆಲವೊಮ್ಮೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ನೋಡಿದ್ದೀರಾ? ನಾನು ಅದನ್ನು ಕೊಳೆ ಅಂತ ತಿಳಿದು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಿದ್ದೆ. ಒಂದೆರಡು ವರ್ಷ ಆಯುಧ ಪೂಜೆಗೆ ಕಪ್ಪಗೆ ಹೊಳೆಯಲಿ ಅಂತ ಜೀಪಿನಿಂದ ಇಳಿಸಿದ ಹಳೆ ಆಯಿಲ್ಲನ್ನೂ ಬಳಿದಿದ್ದೆ. ಆ ಕಂದು ಬಣ್ಣವೇ ಮೇಲಕ್ಕೆ ಬಂದ ರಕ್ಷಣೆ! ಅದನ್ನು ಉಜ್ಜಿ ತೆಗೆದು, ಮೇಲಿಂದ ರಬ್ಬರನ್ನು ಮೆತ್ತಗೆ ಮಾಡುವ ಎಣ್ಣೆ ಹಚ್ಚಿ, ಎಂಟು ತಿಂಗಳು ಬಿಸಿಲಿಗೆ ಬಿಡುತ್ತಿದ್ದೆ. ದಯವಿಟ್ಟು ಸೀಮೆಎಣ್ಣೆ, ಡೀಸೆಲ್, ಹಳೆ ಆಯಿಲ್ ಯಾವುದನ್ನೂ ಟಯರಿಗೆ ಮುಟ್ಟಿಸಬೇಡಿ. ಹೊಳಪು ಕೊಡುವ ಪಾಲಿಶ್‌ಗಳಲ್ಲೂ ಪೆಟ್ರೋಲಿಯಂ ಎಣ್ಣೆ ಇರುವುದು ಬೇಡ. ಸೋಪು ನೀರು, ಮೆತ್ತಗಿನ ಬ್ರಶ್ಶು ಸಾಕು. ಮಣ್ಣು ಹೋದರೆ ಮುಗಿಯಿತು, ಕಂದು ಬಣ್ಣ ಇದ್ದರೆ ಇರಲಿ.

ಈಗ ನಾನು ಏನು ಮಾಡುತ್ತೇನೆ ಹೇಳುತ್ತೇನೆ.

ಚಕ್ರದ ನಡುವಿನ ಹಬ್‌ನಿಂದ ಶುರು. ಬೋಟು ಇಳಿಸುವಾಗ ಟ್ರೈಲರನ್ನು ಹಿಂದಕ್ಕೆ ತಳ್ಳಿ ಹೊಳೆಯಂಚಿನ ನೀರಿಗೆ ಇಳಿಸುವ ರೂಢಿ ಇದೆ. ಓಡಿ ಬಿಸಿಯಾದ ಹಬ್ಬು ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲ್ ದಾಟಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಚಕ್ರ ಬಿಚ್ಚಿದಾಗ ಗ್ರೀಸು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಹಾಗೇ ಎಂಟು ತಿಂಗಳು ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಹಳೆ ಗ್ರೀಸು ಒರೆಸಿ ತೆಗೆದು ಹೊಸದು ತುಂಬುತ್ತೇನೆ. ತೆಗೆದ ಗ್ರೀಸಿನ ಕೈಯಲ್ಲಿ ಟಯರು ಮುಟ್ಟುವುದಿಲ್ಲ.

ಆಮೇಲೆ ಜಾಗದ ಪ್ರಶ್ನೆ. ತೋಟದ ಮನೆಯಲ್ಲಿ ಇದು ದೊಡ್ಡ ತಲೆನೋವು. ಅಕ್ಟೋಬರಲ್ಲಿ ಎಲ್ಲ ಕಡೆ ಜಾಗ ಖಾಲಿ. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ಹೊತ್ತಿಗೆ ಕಾಫಿ ಕೊಯ್ಲು ಶುರುವಾದರೆ ಕಣಕ್ಕೂ ಗೋದಾಮಿಗೂ ಕಾಲಿಡಲು ಜಾಗ ಇಲ್ಲ. ಮೊದಲು ಅರೇಬಿಕಾ, ಹಿಂದೆಯೇ ರೊಬಸ್ಟಾ, ಅದು ಮುಗಿಯುವಾಗ ಕಾಳುಮೆಣಸು. ಟ್ರೈಲರನ್ನು ಎಲ್ಲಿಟ್ಟರೂ ಯಾರಾದರೂ ಬಂದು ಪಕ್ಕಕ್ಕೆ ತಳ್ಳುತ್ತಾರೆ. ಮೊದಲ ವರ್ಷ ನೆರಳಲ್ಲಿ ಇಟ್ಟಿದ್ದೇನೆ ಅಂತ ನೆಮ್ಮದಿಯಿಂದ ಇದ್ದೆ. ಜನವರಿಯಲ್ಲಿ ನೋಡಿದರೆ ಚೀಲ ಇಳಿಸಲು ಅಡ್ಡ ಆಯಿತು ಅಂತ ಮತ್ತೆ ಬಿಸಿಲಿಗೇ ದೂಡಿದ್ದರು.

ಅದಕ್ಕೇ ಈಗ ಚಕ್ರಗಳನ್ನೇ ಬಿಚ್ಚಿಬಿಡುತ್ತೇನೆ. ಅಚ್ಚಿನ ಎರಡೂ ತುದಿಗೆ ಹಲಸಿನ ದಿಮ್ಮಿ ಕೊಟ್ಟು, ಮೂತಿಯನ್ನು ಕಲ್ಲಿನ ಮೇಲೆ ಕೂರಿಸಿದರೆ ಟ್ರೈಲರು ಅಲ್ಲಾಡುವುದಿಲ್ಲ. ಯಾರೂ ದೂಡಲೂ ಆಗುವುದಿಲ್ಲ. ಅದರ ಕಬ್ಬಿಣಕ್ಕೆ ಬಿಸಿಲು ಬಿದ್ದರೆ ಬೀಳಲಿ. ಇದರಿಂದ ಇನ್ನೊಂದು ಲಾಭ: ಟಯರಿನ ಮೇಲೆ ಭಾರವೇ ಇಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತರೆ ಟಯರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗುತ್ತದೆ, ಆಮೇಲೆ ಓಡುವಾಗ ದಡದಡ ಅಂತ ಕುಣಿಯುತ್ತದೆ.

ಚಕ್ರ ಬಿಚ್ಚಲು ಆಗದವರು ಎತ್ತಿ ದಿಮ್ಮಿ ಮೇಲಾದರೂ ಕೂರಿಸಿ. ಅದೂ ಆಗದಿದ್ದರೆ ಟಯರಿನ ಕೆಳಗೆ ಹಲಗೆ ಕೊಡಿ, ಗಾಳಿ ಪೂರ್ತಿ ಇರಲಿ, ತಿಂಗಳಿಗೊಮ್ಮೆ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಉರುಳಿಸಿ. ಬಿಸಿಲು ಬೀಳುವ ಕಡೆ ಬೆಳ್ಳಗಿನ ದಪ್ಪ ಬಟ್ಟೆಯನ್ನೋ ಗೋಣಿಯನ್ನೋ ಇಳಿಬಿಡಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ. ಅಕ್ಟೋಬರ್, ನವೆಂಬರಲ್ಲಿ ನಮ್ಮಲ್ಲಿ ಮತ್ತೆ ಮಳೆ ಬರುತ್ತದೆ, ಒಳಗೆ ನೀರು ಬೆವರಿ ನಿಲ್ಲುತ್ತದೆ.

ನನ್ನ ಮೂರು ಚಕ್ರ ಹೋಗುವುದು ಸೌದೆ ಕೊಟ್ಟಿಗೆಗೆ. ಕತ್ತಲೆ, ತಂಪು, ಒಣ ಜಾಗ. ಮೊದಲು ತಮ್ಮನ ಶೆಡ್ಡಿನಲ್ಲಿ ಇಡೋಣ ಅಂತಿದ್ದೆ. ಅವನು ಅಲ್ಲಿ ವೆಲ್ಡಿಂಗ್ ಮಾಡುತ್ತಾನೆ, ಗ್ರೈಂಡರ್ ಹಿಡಿಯುತ್ತಾನೆ. ವಿದ್ಯುತ್ ಕಿಡಿ ಹಾರುವ ಕಡೆ ಓಜೋನ್ ಹುಟ್ಟುತ್ತದೆ. ವೆಲ್ಡಿಂಗ್ ಮೆಷಿನ್, ಮೋಟಾರು, ಜನರೇಟರ್ ಇರುವ ಕೋಣೆ ಎಷ್ಟು ನೆರಳಿದ್ದರೂ ಟಯರಿಗೆ ಒಳ್ಳೆಯದಲ್ಲ. ಹಾಗಾಗಿ ಅದು ಬೇಡ ಅಂತಾಯಿತು. ಗೋದಾಮಿನ ಹಿಂದಿನ ಕೋಣೆಯಲ್ಲಿ ಜಾಗ ಇತ್ತು, ಆದರೆ ಅಲ್ಲಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು, ಮೈಲುತುತ್ತದ ಚೀಲ. ಎರಡರಲ್ಲೂ ತಾಮ್ರ ಇದೆ. ಚಿಕ್ಕಪ್ಪ ಕೇಳಿದ ತಕ್ಷಣ ಬೇಡ ಅಂದರು. ತಾಮ್ರ ರಬ್ಬರಿಗೆ ಆಗಿ ಬರುವುದಿಲ್ಲ, ಅದು ತಾಗಿದ ರಬ್ಬರು ಬೇಗ ಕೊಳೆಯುತ್ತದೆ. ರಬ್ಬರ್ ತೋಟದಲ್ಲಿ ಔಷಧಿ ಹೊಡೆಯುವಾಗ ಹಾಲಿಗೆ ತಾಮ್ರ ಸೇರದಂತೆ ಎಷ್ಟು ಜಾಗ್ರತೆ ಮಾಡುತ್ತಾರೆ ಅಂತ ಅವರು ಹೇಳಿದ ಮೇಲೆ, ಔಷಧಿ ಹೊಡೆದ ದಿನ ಟ್ರೈಲರಿನ ಹತ್ತಿರ ಯಾರೂ ಡ್ರಮ್ಮು ತೊಳೆಯಬಾರದು ಅಂತ ತೋಟದಲ್ಲಿ ಹೇಳಿಟ್ಟಿದ್ದೇನೆ.

ಕೊಟ್ಟಿಗೆಯಲ್ಲಿ ನೆಲಕ್ಕೆ ಎರಡು ಹಲಗೆ, ಅದರ ಮೇಲೆ ರಿಮ್ ಸಮೇತ ಟಯರುಗಳನ್ನು ಒಂದರ ಮೇಲೊಂದು ಮಲಗಿಸುತ್ತೇನೆ. ರಿಮ್ ಇಲ್ಲದ ಬರೀ ಟಯರಾದರೆ ನಿಲ್ಲಿಸಿಡಬೇಕು. ಪೇರಿಸಿದರೆ ಕೆಳಗಿನದು ಅಮುಕಿಹೋಗುತ್ತದೆ. ಮೇಲೆ ಹಳೆಯ ಗೋಣಿ. ವಾಲ್ವ್‌ಗೆ ಕ್ಯಾಪ್ ಇದೆಯಾ ನೋಡುತ್ತೇನೆ, ಇಲ್ಲದಿದ್ದರೆ ಕಣಜದ ಹುಳ ಅದರೊಳಗೂ ಮಣ್ಣು ಮೆತ್ತುತ್ತದೆ.

ಗಾಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದರಲ್ಲಿ ನಾನೇ ಗೊಂದಲ ಮಾಡಿಕೊಂಡಿದ್ದೆ. ನಮ್ಮ ಟ್ರೈಲರಿಗೆ ಇರುವುದು ಓಮ್ನಿ ವ್ಯಾನಿನ 12 ಇಂಚಿನ ಟಯರು. ನಾವು ಹಾಕುವ ಭಾರಕ್ಕೆ 36 ಪಾಯಿಂಟ್ (ಪಿಎಸ್ಐ) ಇಡುತ್ತೇನೆ. ಹೆಚ್ಚೆಂದರೆ ಎಷ್ಟು ಹೊಡೆಯಬಹುದು, ಎಷ್ಟು ಭಾರ ಹೊರುತ್ತದೆ ಅನ್ನೋದು ಟಯರಿನ ಸೈಡಲ್ಲೇ ಅಚ್ಚಾಗಿರುತ್ತದೆ, ಅದನ್ನು ದಾಟಬಾರದು. ಒಂದು ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ಗೇಜು ಇಟ್ಟರೆ 33 ತೋರಿಸಿತು. ಗಾಳಿ ಸೋರುತ್ತಿದೆ ಅಂತ ಗಾಬರಿಯಾಗಿ ತುಂಬಿಸಿದೆ. ಮಧ್ಯಾಹ್ನ ನೋಡಿದರೆ 39! ಚಳಿಯಲ್ಲಿ ಗಾಳಿ ಕುಗ್ಗುತ್ತದೆ, ಬಿಸಿಗೆ ಹಿಗ್ಗುತ್ತದೆ. ಐದಾರು ಡಿಗ್ರಿಗೆ ಸುಮಾರು ಒಂದು ಪಾಯಿಂಟ್ ವ್ಯತ್ಯಾಸ. ನಮ್ಮಲ್ಲಿ ಬೆಳಗಿನ 12 ಡಿಗ್ರಿಗೂ ಮಧ್ಯಾಹ್ನದ 27 ಡಿಗ್ರಿಗೂ ಎರಡೂವರೆ, ಮೂರು ಪಾಯಿಂಟ್ ಆಚೀಚೆ ಆಗುತ್ತದೆ. ಅದು ಸೋರಿಕೆ ಅಲ್ಲ. ಈಗ ಪ್ರತಿ ಸಲ ಒಂದೇ ಹೊತ್ತಿಗೆ ನೋಡುತ್ತೇನೆ, ಬೆಳಿಗ್ಗೆ ಹತ್ತಕ್ಕೆ, ಕಾಫಿ ಕುಡಿದು ತೋಟಕ್ಕೆ ಇಳಿಯುವ ಮೊದಲು. ತಿಂಗಳಿಗೆ ಒಂದು ಪಾಯಿಂಟ್ ಇಳಿದರೆ ಸಹಜ. ಅದಕ್ಕಿಂತ ಜಾಸ್ತಿ ಇಳಿದರೆ ವಾಲ್ವ್‌ಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತೇನೆ.

ಸ್ಟೆಪ್ನಿಯನ್ನು ಈಗ ಸುಮ್ನೆ ಇಡುವುದಿಲ್ಲ. ಪ್ರತಿ ಮೇ ತಿಂಗಳು ಚಕ್ರ ಹಾಕುವಾಗ ಹಿಂದಿನ ವರ್ಷದ ಸ್ಟೆಪ್ನಿ ಅಚ್ಚಿಗೆ ಹೋಗುತ್ತದೆ, ಅಚ್ಚಿನಲ್ಲಿದ್ದದ್ದು ಒಂದು ಸ್ಟೆಪ್ನಿ ಆಗುತ್ತದೆ. ಮೂರಕ್ಕೂ ಸರದಿ ಬರುತ್ತದೆ, ಮೂರೂ ಓಡುತ್ತವೆ. ಹಾಕುವ ದಿನ ಹೆಬ್ಬೆರಳಲ್ಲಿ ಸೈಡು ಒತ್ತಿ, ಟಾರ್ಚು ಹಿಡಿದು ಸುತ್ತಲೂ ನೋಡುತ್ತೇನೆ. ಕೂದಲೆಳೆಯಂಥ ಗೆರೆ ಇದ್ದರೆ ಕಣ್ಣಿಡುತ್ತೇನೆ. ಬಗ್ಗಿಸಿದಾಗ ಬಾಯಿ ಬಿಟ್ಟರೆ ಆ ಟಯರು ಹಾಕುವುದಿಲ್ಲ, ಗ್ರಿಪ್ಪು ಎಷ್ಟೇ ಇರಲಿ. ಅರ್ಧ ಗಂಟೆ ಜೀಪಿಗೆ ಕಟ್ಟಿ ಮನೆ ರಸ್ತೆಯಲ್ಲೇ ಓಡಿಸಿ, ಹಬ್ಬು ಮುಟ್ಟಿ ನೋಡಿ, ನಟ್ಟು ಇನ್ನೊಂದು ಸಲ ಬಿಗಿ ಮಾಡಿ, ಆಮೇಲೆ ಬೋಟು ಹೇರುವುದು.

ಈಗಿರುವ ಮೂರೂ ಟಯರು ಆ ಆಗಸ್ಟ್‌ನಲ್ಲೇ ಕಾಕನ ಹತ್ತಿರ ತೆಗೆದುಕೊಂಡಿದ್ದು. ಆ ದಿನ ಮೊದಲು ಅಂಕಿ ತೋರಿಸಿ ಅಂದೆ. ಅವರು ನಕ್ಕು ಟಯರು ತಿರುಗಿಸಿದರು: 2221. 2021ರ ಜೂನ್ ಶುರುವಿನದು. 2026ರ ಜೂನ್‌ಗೆ ಐದು ವರ್ಷ ತುಂಬುತ್ತದೆ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ತಿಳಿದವರ ಕೈಯಲ್ಲಿ ಬಿಚ್ಚಿಸಿ ಒಳಗೂ ಹೊರಗೂ ನೋಡಿಸಬೇಕು, ಹತ್ತಾದರೆ ಚೆನ್ನಾಗಿ ಕಂಡರೂ ತೆಗೆಯಬೇಕು ಅಂತ ಟಯರು ಕಂಪನಿಗಳೇ ಹೇಳುತ್ತವೆ. ನಾನು ಹತ್ತರವರೆಗೆ ಕಾಯುವುದಿಲ್ಲ. ಹಿಂದೆ ಬೋಟು, ಮುಂದೆ ಜೀಪಿನಲ್ಲಿ ಎಂಟು ಹುಡುಗರು ಇರುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಬಂದು ತೋಟದ ಕೆಲಸ ಸ್ವಲ್ಪ ಬಿಡುವಾದ ಕೂಡಲೇ ಮೂರನ್ನೂ ಗೋಣಿಕೊಪ್ಪಕ್ಕೆ ಕೊಂಡೊಯ್ಯುತ್ತೇನೆ.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಕೊಟ್ಟಿಗೆಗೆ ಹೋಗಿ ಗೋಣಿ ಎತ್ತಿ ಗೇಜು ಇಟ್ಟೆ. 35, 35, 34. ಮೂರನೆಯದರ ವಾಲ್ವ್‌ಗೆ ಸೋಪು ನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ. ಮುಂದಿನ ತಿಂಗಳು ಅದನ್ನೇ ಮೊದಲು ನೋಡಬೇಕು ಅಂತ ಟಯರಿನ ಮೇಲೆ ಸೀಮೆಸುಣ್ಣದಲ್ಲಿ 34 ಅಂತ ಬರೆದಿಟ್ಟು ಗೋಣಿ ಮುಚ್ಚಿ ಬಂದೆ.